ಮೂರು ದಿನ, ಒಂದೇ ಆರಾಧನೆ

(ದೇವಾಲಯದ ಶತಮಾನೋತ್ಸವ ವರ್ಷದ ತಪಸ್ಸುಕಾಲದ ಐದನೆಯ ಭಾನುವಾರ ಸಂಜೆ ವಿಚಾರಣಾ ಗುರುಗಳು ನೀಡಿದ ಉಪನ್ಯಾಸ)



ಬರುವ ಭಾನುವಾರ ಇದೇ ಹೊತ್ತಿಗೆ ಗರಿಗಳ ಮೆರವಣಿಗೆ ಮುಗಿದು, ಮಕ್ಕಳು ಹಸಿರು ಗರಿಯನ್ನು ಮಡಿಚಿ ಮಾಡಿದ ಸಣ್ಣ ಸಣ್ಣ ಶಿಲುಬೆಗಳು ನಿಮ್ಮ ಮನೆಗಳ ಬಾಗಿಲ ಮೇಲೆ ಸೇರಿರುತ್ತವೆ. ಶತಮಾನೋತ್ಸವ ಸಮಿತಿಯವರು ಈ ಉಪನ್ಯಾಸಕ್ಕಾಗಿ ನಮ್ಮನ್ನು ಕೇಳಿಕೊಂಡಾಗ, ದೇವಾಲಯದ ಇತಿಹಾಸವನ್ನು ಕುರಿತು ನಾವು ಮಾತನಾಡಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ಆ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡಬಲ್ಲ ಹಿರಿಯರು ನಿಮ್ಮಲ್ಲಿಯೇ ಇದ್ದಾರೆ. ಅವರ ಲೇಖನಗಳನ್ನು ಸ್ಮರಣ ಸಂಚಿಕೆಯಲ್ಲಿ ಓದಲಿದ್ದೀರಿ. ನಾವು ಪವಿತ್ರ ವಾರವನ್ನೇ ಆರಿಸಿಕೊಂಡೆವು. ನೂರು ವರ್ಷ ತುಂಬಿದ ದೇವಾಲಯವೆಂದರೆ ನೂರು ಪವಿತ್ರ ವಾರಗಳನ್ನು ಕಂಡ ದೇವಾಲಯ. ಗೋಡೆಗೆ ಸುಣ್ಣ ಬಳಿದದ್ದು, ಗಂಟೆ ತರಿಸಿದ್ದು, ನೆಲಕ್ಕೆ ಕಲ್ಲು ಹಾಸಿದ್ದು, ಇವೆಲ್ಲ ಲೆಕ್ಕದ ಪುಸ್ತಕದಲ್ಲಿ ಸಿಗುತ್ತವೆ. ಆ ನೂರು ವಾರಗಳಲ್ಲಿ ಇಲ್ಲಿ ಮಂಡಿಯೂರಿದವರ ಒಳಗೆ ಏನು ನಡೆಯಿತು, ಯಾರ ಮನಸ್ಸು ಮುರಿಯಿತು, ಯಾರ ಮನಸ್ಸು ಕೂಡಿತು ಎಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ.

ಪಾಸ್ಕ ಹಬ್ಬದ ದಿನ ವರ್ಷ ವರ್ಷವೂ ಏಕೆ ಬದಲಾಗುತ್ತದೆ ಎಂದು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ತಪ್ಪದೆ ಕೇಳುತ್ತಾರೆ. ದೊಡ್ಡವರಿಗೂ ಉತ್ತರ ತಿಳಿದಿರುವುದಿಲ್ಲ, ಕೇಳಲು ಮಾತ್ರ ನಾಚಿಕೆ. ಯೇಸುಸ್ವಾಮಿಯವರು ಪ್ರಾಣತ್ಯಾಗ ಮಾಡಿದ್ದು ಯೆಹೂದ್ಯರ ಪಾಸ್ಕದ ಕಾಲದಲ್ಲಿ; ಆ ಹಬ್ಬ ಹುಣ್ಣಿಮೆಯನ್ನು ಹಿಡಿದು ಬರುವಂಥದು. 325ನೆಯ ಇಸವಿಯಲ್ಲಿ ನಿಸೇಯ ಪಟ್ಟಣದಲ್ಲಿ ಸೇರಿದ ಮಹಾಸಭೆಯು ಎಲ್ಲ ಕ್ರೈಸ್ತರೂ ಒಂದೇ ದಿನ ಈ ಹಬ್ಬವನ್ನು ಆಚರಿಸತಕ್ಕದ್ದೆಂದು ತೀರ್ಮಾನಿಸಿತು. ವಸಂತ ಋತುವಿನಲ್ಲಿ ಹಗಲಿರುಳು ಸಮವಾಗುವ ದಿನದ ಬಳಿಕ ಬರುವ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಎಂಬುದು ನಮ್ಮ ಲೆಕ್ಕ. ಆದುದರಿಂದ ಹಬ್ಬವು ಮಾರ್ಚ್ 22ಕ್ಕಿಂತ ಮುಂಚೆ ಬರುವುದಿಲ್ಲ, ಏಪ್ರಿಲ್ 25ನ್ನು ದಾಟುವುದಿಲ್ಲ. ನಮ್ಮ ಅಕ್ಕಪಕ್ಕದ ಮನೆಗಳ ಯುಗಾದಿ ಅಮಾವಾಸ್ಯೆಯ ಬೆನ್ನಿಗೆ ಬರುತ್ತದೆ, ನಮ್ಮ ಪಾಸ್ಕ ಹುಣ್ಣಿಮೆಯ ಬೆನ್ನಿಗೆ. 2025ರಲ್ಲಿ ಯುಗಾದಿ ಮಾರ್ಚ್ 30ರಂದು, ಪಾಸ್ಕ ಏಪ್ರಿಲ್ 20ರಂದು ಬಂದವು. ಅದರ ಹಿಂದಿನ ವರ್ಷ ಪಾಸ್ಕವೇ ಮೊದಲು ಬಂದು ಯುಗಾದಿ ಹಿಂದೆ ಬಂತು. ಕ್ರೈಸ್ತರ ಹಬ್ಬಕ್ಕೆ ಪಂಚಾಂಗ ಬೇಡವೆಂದು ಯಾರಾದರೂ ಹೇಳಿದರೆ, ಚಂದ್ರನನ್ನು ನೋಡಿ ನಡೆಯುವ ಹಬ್ಬ ನಮ್ಮದೂ ಹೌದೆಂದು ಅವರಿಗೆ ತಿಳಿಸಿರಿ.

ಈ ಹಬ್ಬಕ್ಕೆ ನಲವತ್ತು ದಿನಗಳ ಸಿದ್ಧತೆ. ವಿಭೂತಿ ಬುಧವಾರದಂದು ನಿಮ್ಮ ಹಣೆಗೆ ಇಟ್ಟ ಬೂದಿ ಎಲ್ಲಿಂದ ಬಂತೆಂಬುದು ನಿಮಗೆ ಗೊತ್ತಿದೆ. ಕಳೆದ ವರ್ಷದ ಗರಿಗಳ ಭಾನುವಾರ ಯಾವ ಗರಿಯನ್ನು ಎತ್ತಿ ಹಿಡಿದು ಜಯಘೋಷ ಮಾಡಿದೆವೋ ಅದೇ ಗರಿ ಒಣಗಿ, ಸುಟ್ಟು, ಬೂದಿಯಾಗಿ ನಮ್ಮ ಹಣೆಗೆ ಹಿಂದಿರುಗುತ್ತದೆ. ಈ ವರ್ಷ ಹಳೆಯ ಗರಿಗಳನ್ನು ತಂದೊಪ್ಪಿಸಿರೆಂದು ಪ್ರಕಟಣೆ ಮಾಡಿದಾಗ ಕೆಲವು ಮನೆಗಳಿಂದ ಬಂದ ಗರಿಗಳು ಪ್ಲಾಸ್ಟಿಕ್ಕಿನವಾಗಿದ್ದವು. ಅವು ಬಾಡುವುದಿಲ್ಲ, ಸುಟ್ಟರೆ ಬೂದಿಯೂ ಆಗುವುದಿಲ್ಲ. ಅವನ್ನು ಗೌರವದಿಂದಲೇ ಹಿಂದಿರುಗಿಸಿದೆವು.

ಪವಿತ್ರ ವಾರದ ಆಚರಣೆಗಳು ರೋಮಾಪುರಿಯಲ್ಲಿ ಕುಳಿತ ಯಾರೋ ಬರೆದು ಕಳುಹಿಸಿದ ನಿಯಮಗಳೆಂದು ಭಾವಿಸುವವರು ಉಂಟು. ಅವು ಹುಟ್ಟಿದ್ದು ನಡೆದಾಡಿದ ಜನರ ಕಾಲುಗಳಿಂದ. ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಎಗೇರಿಯ ಎಂಬ ಹೆಣ್ಣುಮಗಳು ದೂರದ ಪಶ್ಚಿಮ ದೇಶದಿಂದ ಜೆರುಸಲೇಮಿಗೆ ಯಾತ್ರೆ ಹೋಗಿ, ಅಲ್ಲಿ ಕಂಡುದನ್ನು ತನ್ನ ಊರಿನ ಸೋದರಿಯರಿಗೆ ಬರೆದು ತಿಳಿಸಿದಳು. ಬಹುಕಾಲ ಕಣ್ಮರೆಯಾಗಿದ್ದ ಆ ಬರಹದ ಒಂದು ಭಾಗ 1884ರಲ್ಲಿ ಇಟಲಿಯ ಅರೆಝೊ ಪಟ್ಟಣದಲ್ಲಿ ಸಿಕ್ಕಿತು. ಭಾನುವಾರದಂದು ಜನರೆಲ್ಲರೂ ಕೈಯಲ್ಲಿ ಗರಿಗಳನ್ನೂ ಓಲಿವ್ ಕೊಂಬೆಗಳನ್ನೂ ಹಿಡಿದು, ನಡೆಯಲಾರದ ಹಸುಗೂಸುಗಳನ್ನು ಹೆಗಲ ಮೇಲೆ ಹೊತ್ತು, ಓಲಿವ್ ಗುಡ್ಡದಿಂದ ಧರ್ಮಾಧ್ಯಕ್ಷರೊಡನೆ ಇಳಿದು ಬರುತ್ತಿದ್ದುದನ್ನು ಆಕೆ ವರ್ಣಿಸಿದ್ದಾಳೆ. ಶುಕ್ರವಾರ ಶಿಲುಬೆಯ ಪವಿತ್ರ ಮರವನ್ನು ಜನರು ಒಬ್ಬೊಬ್ಬರಾಗಿ ಬಂದು ಮುತ್ತಿಡುತ್ತಿದ್ದರು. ಸುತ್ತಲೂ ಸೇವಾಧಿಕಾರಿಗಳು ಕಾವಲು ನಿಂತಿರುತ್ತಿದ್ದರು. ಏಕೆಂದರೆ ಹಿಂದೊಮ್ಮೆ ಯಾರೋ ಭಕ್ತನು ಮುತ್ತಿಡುವ ನೆಪದಲ್ಲಿ ಮರದ ಚೂರೊಂದನ್ನು ಹಲ್ಲಿನಿಂದ ಕಚ್ಚಿ ಕದ್ದೊಯ್ದಿದ್ದನಂತೆ! ಭಕ್ತಿಯೂ ಕಳ್ಳತನವೂ ಒಂದೇ ಬಾಯಲ್ಲಿ ಇರಬಲ್ಲವೆಂಬುದು ಹದಿನಾರು ಶತಮಾನಗಳ ಹಿಂದೆಯೇ ಧರ್ಮಸಭೆಗೆ ತಿಳಿದಿತ್ತು.

ಗರಿಗಳ ಭಾನುವಾರದ ವಿಷಯವಾಗಿ ಒಂದೇ ಮಾತು. ಅಂದು ಯಾತನೆಯ ವೃತ್ತಾಂತವನ್ನು ಓದುವಾಗ ಜನಸಮೂಹದ ಮಾತುಗಳನ್ನು ನೀವೇ ಹೇಳಬೇಕು. ಹೊಸನ್ನ ಎಂದು ಕೂಗುವಾಗ ನಿಮ್ಮ ಧ್ವನಿ ದೇವಾಲಯದ ಮಾಡನ್ನು ಮುಟ್ಟುತ್ತದೆ. ಶಿಲುಬೆಗೇರಿಸು ಎನ್ನುವ ಮಾತು ಬಂದಾಗ ಧ್ವನಿ ತಗ್ಗಿ, ಪುಟ ಮಗುಚುವ ಸದ್ದೇ ಹೆಚ್ಚಾಗಿ ಕೇಳುತ್ತದೆ. ಇದನ್ನು ನಾವು ಬಲಿಪೀಠದ ಬಳಿ ನಿಂತು ವರ್ಷ ವರ್ಷವೂ ಗಮನಿಸಿದ್ದೇವೆ. ಆ ಮಾತು ನಮ್ಮದಲ್ಲ, ಬೇರೆ ಯಾರದೋ ಎಂದು ನಮ್ಮೆಲ್ಲರಿಗೂ ಅನ್ನಿಸುತ್ತದೆ.

ಸೋಮವಾರದಿಂದ ಬುಧವಾರದವರೆಗಿನ ದಿನಗಳು ಪಾಪನಿವೇದನೆಯ ಸಾಲಿನಲ್ಲಿ ಕಳೆದುಹೋಗುತ್ತವೆ. ಆದರೂ ಆ ದಿನಗಳ ಶುಭಸಂದೇಶವನ್ನು ಮನೆಯಲ್ಲಾದರೂ ಓದಿರಿ. ಸೋಮವಾರ ಬೆಥಾನಿಯದ ಮರಿಯಳು ಮುನ್ನೂರು ದಿನಾರಿಯ ಬೆಲೆಬಾಳುವ ಪರಿಮಳ ತೈಲವನ್ನು ಯೇಸುವಿನ ಪಾದಗಳಿಗೆ ಸುರಿಯುತ್ತಾಳೆ; ಕೂಲಿಯಾಳೊಬ್ಬನಿಗೆ ಹೆಚ್ಚುಕಡಿಮೆ ಒಂದು ವರ್ಷದ ಸಂಪಾದನೆ ಅದು. ದುಂದಾಯಿತೆಂದು ಗೊಣಗಿದವನು ಯೂದ. ಬುಧವಾರ ಅದೇ ಯೂದ ಮೂವತ್ತು ಬೆಳ್ಳಿ ನಾಣ್ಯಗಳಿಗೆ ವ್ಯಾಪಾರ ಕುದುರಿಸುತ್ತಾನೆ. ಇದೇ ದಿನಗಳಲ್ಲಿ ಪ್ರಧಾನಾಲಯದಲ್ಲಿ ಧರ್ಮಾಧ್ಯಕ್ಷರು ವರ್ಷಕ್ಕೆ ಬೇಕಾದ ಪವಿತ್ರ ತೈಲಗಳನ್ನು ಆಶೀರ್ವದಿಸುತ್ತಾರೆ, ಗುರುಗಳಾದ ನಾವು ನಮ್ಮ ಪ್ರತಿಜ್ಞೆಯನ್ನು ನವೀಕರಿಸುತ್ತೇವೆ. ಆ ಹೊತ್ತಿನಲ್ಲಿ ನಮಗಾಗಿ ಒಂದು ನಮೋ ಮರಿಯಾ ಜಪಿಸಿದರೆ ಕೃತಜ್ಞರಾಗಿರುತ್ತೇವೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಬೆಂಗಳೂರಿನ ಮಲ್ಲೇಶ್ವರದ ಸಂತ ಪೇತ್ರರ ಗುರುಮಠದಲ್ಲಿ ನಾವು ವಿದ್ಯಾರ್ಥಿಯಾಗಿದ್ದಾಗ ದೈವಾರಾಧನೆಯ ಪಾಠ ಹೇಳುತ್ತಿದ್ದ ಗುರುಗಳು ಒಂದು ಪ್ರಶ್ನೆ ಹಾಕಿದರು. ಪವಿತ್ರ ಗುರುವಾರದ ಪೂಜೆ ಯಾವಾಗ ಮುಗಿಯುತ್ತದೆ? ನಾವೆಲ್ಲರೂ ರಾತ್ರಿ ಎಂಟಕ್ಕೆ, ಒಂಬತ್ತಕ್ಕೆ ಎಂದೆವು. ಅವರು ನಕ್ಕು, ವಿಧಿಪುಸ್ತಕವನ್ನು ತೆರೆದು ನೋಡಿರೆಂದರು. ನೀವೂ ಈ ಸಾರಿ ಗಮನವಿಟ್ಟು ನೋಡಿರಿ. ಗುರುವಾರ ಸಂಜೆ ಶಿಲುಬೆಯ ಗುರುತಿನಿಂದ ಬಲಿಪೂಜೆ ಆರಂಭವಾಗುತ್ತದೆ. ಆದರೆ ಕೊನೆಯಲ್ಲಿ ಆಶೀರ್ವಾದವಿಲ್ಲ, ಹೋಗಿಬನ್ನಿರೆಂಬ ಬೀಳ್ಕೊಡುಗೆಯಿಲ್ಲ. ಪರಮಪ್ರಸಾದವನ್ನು ಮೆರವಣಿಗೆಯಲ್ಲಿ ಕೊಂಡೊಯ್ದು ಬೇರೊಂದು ಪೀಠದಲ್ಲಿ ಇರಿಸುತ್ತೇವೆ, ಬಲಿಪೀಠದ ವಸ್ತ್ರಗಳನ್ನು ತೆಗೆಯುತ್ತೇವೆ, ಮೌನವಾಗಿ ಹೊರಡುತ್ತೇವೆ. ಶುಕ್ರವಾರ ಶಿಲುಬೆಯ ಗುರುತೂ ಇಲ್ಲದೆ, ಅಭಿವಂದನೆಯೂ ಇಲ್ಲದೆ, ಗುರುಗಳು ಬರಿ ನೆಲದ ಮೇಲೆ ಸಾಷ್ಟಾಂಗ ಬೀಳುವುದರೊಂದಿಗೆ ವಿಧಿ ಆರಂಭವಾಗುತ್ತದೆ, ಅಂದೂ ಬೀಳ್ಕೊಡುಗೆಯಿಲ್ಲ. ಶನಿವಾರ ರಾತ್ರಿಯ ಪಾಸ್ಕ ಜಾಗರಣೆಯ ಕೊನೆಯಲ್ಲಿ, ಅಲ್ಲೆಲೂಯದೊಡನೆ, ಜನರನ್ನು ಬೀಳ್ಕೊಡುತ್ತೇವೆ. ಎಂದರೆ ಗುರುವಾರ ಸಂಜೆ ತೊಡಗಿದ ಪೂಜೆ ಮುಗಿಯುವುದು ಶನಿವಾರ ರಾತ್ರಿ. ಮೂರು ದಿನ, ಒಂದೇ ಆರಾಧನೆ.

ಇದನ್ನು ತಿಳಿದ ಮೇಲೆ ಶುಕ್ರವಾರಕ್ಕೆ ಮಾತ್ರ ಬರುವ ನಮ್ಮ ಬಂಧುಗಳ ವಿಷಯವಾಗಿ ಏನು ಹೇಳಬೇಕು? ಶುಭ ಶುಕ್ರವಾರದಂದು ಈ ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೆಂಗಳೂರು ಮೈಸೂರುಗಳಲ್ಲಿ ದುಡಿಯುವ ಮಕ್ಕಳು ರಾತ್ರಿ ಬಸ್ಸಿಗೆ ಬಂದಿಳಿಯುತ್ತಾರೆ. ಶಿಲುಬೆಯ ಪಾದಕ್ಕೆ ಮುತ್ತಿಡುವ ಸಾಲು ಗೇಟಿನವರೆಗೂ ಬೆಳೆಯುತ್ತದೆ. ಇದನ್ನು ನಾವು ಹಳಿಯಲಾರೆವು. ನಮ್ಮ ಜನ ಮದುವೆಗೆ ಹೋಗದಿದ್ದರೂ ಸಾವಿನ ಮನೆಗೆ ತಪ್ಪದೆ ಹೋಗುವ ಜನ. ದುಃಖವಿರುವ ಕಡೆ ಹೋಗಿ ಕೂರಬೇಕೆಂಬುದನ್ನು ಅವರಿಗೆ ಯಾವ ಗುರುವೂ ಕಲಿಸಬೇಕಾಗಿಲ್ಲ. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಯೇಸುಸ್ವಾಮಿಯವರ ಯಾತನೆಯ ನಾಟಕವನ್ನು ಊರವರೇ ತಲೆಮಾರುಗಳಿಂದ ಆಡುತ್ತ ಬಂದಿರುವುದೂ ಇದೇ ಗುಣದಿಂದ.

ನಮ್ಮ ಅಜ್ಜಿ ಶುಭ ಶುಕ್ರವಾರ ಒಲೆ ಹಚ್ಚುತ್ತಿದ್ದುದು ಒಂದೇ ಸಲ, ಗಂಜಿಗೆ. ಅಂದು ಮನೆಯಲ್ಲಿ ಕುಟ್ಟುವಂತಿಲ್ಲ, ಬೀಸುವಂತಿಲ್ಲ, ಮೊಳೆ ಹೊಡೆಯುವ ಮಾತಂತೂ ಇಲ್ಲವೇ ಇಲ್ಲ. ಮಕ್ಕಳಾದ ನಾವು ನಕ್ಕರೆ ಗದರುತ್ತಿದ್ದಳು, ಅತ್ತರೆ ಸುಮ್ಮನಿರುತ್ತಿದ್ದಳು. ಇಂದಿನ ಧರ್ಮಸಭೆಯ ಕಾನೂನು ಬಹಳ ಹಗುರವಾದುದು. ಹದಿನಾಲ್ಕು ತುಂಬಿದವರು ಮಾಂಸ ಬಿಡಬೇಕು. ಹದಿನೆಂಟು ತುಂಬಿದವರಿಂದ ಹಿಡಿದು ಅರವತ್ತನೆಯ ವರ್ಷಕ್ಕೆ ಕಾಲಿಡುವವರೆಗೆ ಉಪವಾಸ. ಆ ಲೆಕ್ಕದಲ್ಲಿ ನಮಗೂ ಈಗ ವಿನಾಯಿತಿ ಉಂಟು. ಆದರೆ ಅಜ್ಜಿಯ ಕಾನೂನಿನಲ್ಲಿ ವಿನಾಯಿತಿ ಇರಲಿಲ್ಲ; ಎಂಬತ್ತು ದಾಟಿದ ಮೇಲೂ ಆಕೆಯ ಬಟ್ಟಲಿನಲ್ಲಿ ಅದೇ ಗಂಜಿಯೇ.

ಶುಕ್ರವಾರದ ವಿಧಿಯಲ್ಲಿ ಬಹಳ ಮಂದಿ ಬೇಸರದಿಂದ ಕಾಲು ಬದಲಾಯಿಸುವ ಒಂದು ಘಟ್ಟವಿದೆ. ಹತ್ತು ದೀರ್ಘ ಪ್ರಾರ್ಥನೆಗಳು. ಧರ್ಮಸಭೆಗಾಗಿ, ಜಗದ್ಗುರುಗಳಿಗಾಗಿ, ಯೆಹೂದ್ಯರಿಗಾಗಿ, ಕ್ರಿಸ್ತರನ್ನು ಅರಿಯದವರಿಗಾಗಿ, ದೇವರನ್ನೇ ನಂಬದವರಿಗಾಗಿ, ನಾಡನ್ನು ಆಳುವವರಿಗಾಗಿ, ರೋಗಿಗಳು, ಸೆರೆಯಲ್ಲಿರುವವರು, ಪ್ರಯಾಣದಲ್ಲಿರುವವರಿಗಾಗಿ. ಇವುಗಳಲ್ಲಿ ಯೆಹೂದ್ಯರಿಗಾಗಿ ಮಾಡುವ ಪ್ರಾರ್ಥನೆಯಲ್ಲಿ ಶತಮಾನಗಳ ಕಾಲ ಅವರನ್ನು ಹೀಯಾಳಿಸುವ ಶಬ್ದವೊಂದಿತ್ತು. 1959ರಲ್ಲಿ ಜಗದ್ಗುರು ಇಪ್ಪತ್ತಮೂರನೆಯ ಯೊವಾನ್ನರು ಅದನ್ನು ತೆಗೆದುಹಾಕಿಸಿದರು. ಶಿಲುಬೆಯ ಮುಂದೆ ನಿಂತು ಇನ್ನೊಬ್ಬರನ್ನು ಹೀಯಾಳಿಸಬಾರದೆಂಬುದನ್ನು ಕಲಿಯಲು ನಮಗೆ ಅಷ್ಟು ಕಾಲ ಹಿಡಿಯಿತು.

ಶನಿವಾರಕ್ಕೆ ಬಂದರೆ, ಅದು ಎಲ್ಲರೂ ಮರೆತ ದಿನ. ಅಂದು ಹಗಲು ಧರ್ಮಸಭೆಗೆ ಏನೂ ಕೆಲಸವಿಲ್ಲ. ಪೂಜೆಯಿಲ್ಲ, ಗಂಟೆಯಿಲ್ಲ, ಮಂದಸದ ಬಾಗಿಲು ತೆರೆದಿದ್ದು ಒಳಗೆ ಬರಿದು. ಶುಭಸಂದೇಶಕಾರರೂ ಆ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಮಾಧಿಗೆ ಕಾವಲು ಹಾಕಿದರೆಂದು ಮತ್ತಾಯನೂ, ಹೆಂಗಸರು ಧರ್ಮಶಾಸ್ತ್ರದಂತೆ ವಿಶ್ರಮಿಸಿದರೆಂದು ಲೂಕನೂ ತಿಳಿಸುತ್ತಾರೆ, ಅಷ್ಟೆ.

ಈ ದೇವಾಲಯದ ಮೊದಲ ಮೂವತ್ತು ವರ್ಷಗಳಲ್ಲಿ ಆ ಮೌನವೂ ಇರಲಿಲ್ಲವೆಂಬುದು ನಿಮ್ಮಲ್ಲಿ ಬಹಳ ಮಂದಿಗೆ ತಿಳಿಯದು. ಆಗ ಪಾಸ್ಕ ಜಾಗರಣೆಯನ್ನು ಶನಿವಾರ ಬೆಳಿಗ್ಗೆಯೇ ನೆರವೇರಿಸುತ್ತಿದ್ದರು. ಹಾಡಿನಲ್ಲಿ ಇರುಳನ್ನು ಹೊಗಳುತ್ತಿದ್ದರು, ಕಿಟಕಿಯಲ್ಲಿ ಬಿಸಿಲು ಬಂದಿರುತ್ತಿತ್ತು. ಮಧ್ಯಾಹ್ನಕ್ಕೆ ತಪಸ್ಸುಕಾಲದ ಉಪವಾಸವೂ ಮುಗಿದಂತೆ. ಲತೀನ್ ಭಾಷೆಯ ದೀರ್ಘ ಪಠಣಗಳಿಗೆ ಗುರುಗಳು, ಉಪದೇಶಿಗಳು, ಬಲಿಪೀಠದ ಹುಡುಗರು, ಇನ್ನು ನಾಲ್ಕಾರು ಮುದುಕಿಯರು. ಅವರಲ್ಲಿ ತಾನೂ ಒಬ್ಬಳೆಂದು ನಮ್ಮ ಅಜ್ಜಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಹನ್ನೆರಡನೆಯ ಭಕ್ತಿನಾಥ ಜಗದ್ಗುರುಗಳು 1951ರಲ್ಲಿ ಪ್ರಯೋಗವಾಗಿ ಜಾಗರಣೆಯನ್ನು ರಾತ್ರಿಗೆ ಹಿಂದಿರುಗಿಸಿದರು. 1955ರ ನವೆಂಬರಿನ ಆಜ್ಞೆಯ ಪ್ರಕಾರ 1956ರಿಂದ ಇಡೀ ಪವಿತ್ರ ವಾರದ ಕ್ರಮವೇ ಬದಲಾಯಿತು. ಗುರುವಾರದ ಪೂಜೆ ಬೆಳಗಿನಿಂದ ಸಂಜೆಗೆ ಬಂತು. ಶುಕ್ರವಾರ ಅದುವರೆಗೆ ಗುರುಗಳು ಮಾತ್ರ ಸ್ವೀಕರಿಸುತ್ತಿದ್ದ ಪರಮಪ್ರಸಾದ ಜನರಿಗೂ ದೊರೆಯಿತು. ಪಾದ ತೊಳೆಯುವ ವಿಧಿ ಬಲಿಪೂಜೆಯ ಒಳಗೆ ಸೇರಿತು. ಶನಿವಾರದ ಹಗಲು ತನ್ನ ಮೌನವನ್ನು ಮರಳಿ ಪಡೆಯಿತು.

ಆ ಮೌನದ ಅರ್ಥವನ್ನು ನಮಗೆ ತಿಳಿಸಿದ್ದು 2020ನೆಯ ವರ್ಷ. ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿತ್ತು. ಪಾಸ್ಕ ಏಪ್ರಿಲ್ 12ರಂದು. ಆಗ ನಾವು ಸೇವೆಯಲ್ಲಿದ್ದ ಧರ್ಮಕೇಂದ್ರದಲ್ಲಿ ಗುರುವಾರದ ಪೂಜೆಗೆ ನಾವು, ಉಪದೇಶಿಗಳು ಇಬ್ಬರೇ. ಪಾದ ತೊಳೆಯುವ ವಿಧಿಯನ್ನೂ ಬಿಡಬೇಕೆಂದು ರೋಮಾಪುರಿಯಿಂದ ಸೂಚನೆ ಬಂದಿತ್ತು. ಶನಿವಾರ ಬೆಳಿಗ್ಗೆ ವೃದ್ಧ ತಾಯಿಯೊಬ್ಬರ ಅಂತ್ಯಕ್ರಿಯೆ. ಇಪ್ಪತ್ತು ಜನರಿಗಿಂತ ಹೆಚ್ಚು ಸೇರಬಾರದೆಂಬ ಸರ್ಕಾರದ ಆಜ್ಞೆ. ಅಲ್ಲಿ ಒಂಬತ್ತು ಜನರೂ ಇರಲಿಲ್ಲ. ಮಗ ದುಬೈಯಲ್ಲಿದ್ದ. ಸೊಸೆ ಮೊಬೈಲನ್ನು ಗುಂಡಿಯ ಅಂಚಿಗೆ ಚಾಚಿ ಹಿಡಿದಿದ್ದಳು. ನಾವು ಪ್ರಾರ್ಥನೆ ಮುಗಿಸಿ ಮಣ್ಣು ಹಾಕಿದ ಮೇಲೂ ಆ ಫೋನಿನಿಂದ ಏನೂ ಕೇಳಿಸಲಿಲ್ಲ. ಸಂಪರ್ಕ ಕಡಿದಿರಬೇಕೆಂದುಕೊಂಡೆವು. ಸ್ವಲ್ಪ ಹೊತ್ತಾದ ಮೇಲೆ, ಮಣ್ಣು ಇನ್ನೂ ಸ್ವಲ್ಪ ಹಾಕಿ ಸ್ವಾಮಿ, ಆ ಬದಿ ಕಡಿಮೆಯಾಗಿದೆ, ಎಂದಿತು ಧ್ವನಿ. ಅವನು ಎಲ್ಲವನ್ನೂ ನೋಡುತ್ತಿದ್ದ. ಹೆಂಗಸರು ವಿಶ್ರಮಿಸಿದರೆಂದು ಲೂಕನು ಬರೆದ ಮಾತನ್ನು ಅದುವರೆಗೆ ಎಷ್ಟೋ ಸಾರಿ ಓದಿದ್ದೆವು. ಹೋಗಬೇಕೆಂದು ಕಾಲು ತುಡಿಯುತ್ತಿರುವಾಗ ಹೋಗಲಾರದೆ ಮನೆಯಲ್ಲಿ ಕುಳಿತವರ ವಿಶ್ರಾಂತಿ ಅದೆಂಬುದು ಅಂದು ಹೊಳೆಯಿತು.

ಜಾಗರಣೆಯ ವೈಭವವನ್ನು ಬಣ್ಣಿಸಲು ಹೋಗುವುದಿಲ್ಲ. ಹೊಸ ಬೆಂಕಿ, ಐದು ಧೂಪದ ಕಾಳುಗಳನ್ನು ಚುಚ್ಚಿದ ಪಾಸ್ಕ ದೀಪ, ಅದರಿಂದ ಒಂದೊಂದಾಗಿ ಹತ್ತುವ ನಿಮ್ಮ ಕೈಯ ಬತ್ತಿಗಳು, ಸೃಷ್ಟಿಯಿಂದ ಹಿಡಿದು ಬರುವ ವಾಚನಗಳು, ಮಹಿಮಾಗೀತೆಯೊಡನೆ ಎರಡು ದಿನ ಮೂಕವಾಗಿದ್ದ ಗಂಟೆಗಳು. ಹಳೆಯ ಒಡಂಬಡಿಕೆಯ ವಾಚನಗಳು ಏಳು. ಕಡಿಮೆ ಮಾಡಬಹುದಾದರೂ ಕೆಂಪು ಸಮುದ್ರ ದಾಟಿದ ವಾಚನವನ್ನು ಮಾತ್ರ ಬಿಡುವಂತಿಲ್ಲ. ಈ ಶತಮಾನೋತ್ಸವ ವರ್ಷ ಏಳನ್ನೂ ಓದಿಸಲಿದ್ದೇವೆ. ನಿದ್ರೆ ಬಂದವರು ನಿದ್ರಿಸಿರಿ. ಗೆತ್ಸೆಮನೆಯಲ್ಲಿ ಪೇತ್ರನೂ ನಿದ್ರಿಸಿದ. ಆದರೆ ಮನೆಯಲ್ಲಿ ನಿದ್ರಿಸುವ ಬದಲು ಇಲ್ಲಿ ಬಂದು ನಿದ್ರಿಸಿರಿ.

ಪುನರುತ್ಥಾನದ ಸುದ್ದಿಯನ್ನು ಮೊದಲು ತಂದವರು ಯಾರು? ಮಗ್ದಲದ ಮರಿಯಳು, ಯೊವಾನ್ನಳು, ಯಕೋಬನ ತಾಯಿ ಮರಿಯಳು. ಪ್ರೇಷಿತರು ಅವರ ಮಾತನ್ನು ಹುಚ್ಚು ಹರಟೆಯೆಂದು ತಳ್ಳಿಹಾಕಿದರೆಂದು ಲೂಕನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತದೆ.

ಗುರುವಾರವನ್ನು ನಾವು ಬೇಕೆಂದೇ ಕೊನೆಗೆ ಉಳಿಸಿಕೊಂಡೆವು.

ಅಂದಿನ ಬಲಿಪೂಜೆಯ ಎರಡನೆಯ ವಾಚನ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹನ್ನೊಂದನೆಯ ಅಧ್ಯಾಯದ್ದು. ಕಡೆಯ ಭೋಜನವನ್ನು ಕುರಿತು ನಮಗೆ ದೊರೆತಿರುವ ಅತ್ಯಂತ ಹಳೆಯ ಬರಹ ಅದು. ನಾಲ್ಕು ಶುಭಸಂದೇಶಗಳಿಗಿಂತಲೂ ಹಿಂದಿನದು. ಪೂಜೆಯಲ್ಲಿ ನಾವು ಓದುವುದು ನಾಲ್ಕೇ ವಾಕ್ಯಗಳನ್ನು, 23ರಿಂದ 26ರವರೆಗೆ. ಮನೆಗೆ ಹೋಗಿ ಅದರ ಹಿಂದಿನ ವಾಕ್ಯಗಳನ್ನೂ ಮುಂದಿನ ವಾಕ್ಯಗಳನ್ನೂ ಓದಿರಿ. ಪೌಲರು ಪರಮಪ್ರಸಾದದ ಸಂಸ್ಥಾಪನೆಯನ್ನು ನೆನಪಿಸಿದ್ದು ಭಕ್ತಿಯ ಉಪದೇಶಕ್ಕಾಗಿ ಅಲ್ಲ, ಜನರನ್ನು ಗದರಿಸುವುದಕ್ಕಾಗಿ. ಕೊರಿಂಥದಲ್ಲಿ ಉಳ್ಳವರು ಮೊದಲೇ ಬಂದು ಉಂಡು ಕುಡಿದು ತಣಿಯುತ್ತಿದ್ದರು. ಇಲ್ಲದವರು ಹಸಿದ ಹೊಟ್ಟೆಯಲ್ಲಿ ನಾಚಿ ನಿಲ್ಲುತ್ತಿದ್ದರು. ಹೀಗೆ ಬೇರೆ ಬೇರೆಯಾಗಿ ಉಣ್ಣುವುದಾದರೆ ನೀವು ಉಣ್ಣುತ್ತಿರುವುದು ಪ್ರಭುವಿನ ಭೋಜನವೇ ಅಲ್ಲವೆಂಬುದು ಪೌಲರ ಆರೋಪ. ಯೊವಾನ್ನನಂತೂ ತನ್ನ ಶುಭಸಂದೇಶದಲ್ಲಿ ರೊಟ್ಟಿ ದ್ರಾಕ್ಷಾರಸಗಳ ಪ್ರಸಂಗವನ್ನೇ ಬಿಟ್ಟು, ಆ ರಾತ್ರಿಯ ವೃತ್ತಾಂತವಾಗಿ ಪಾದ ತೊಳೆದುದನ್ನು ಬರೆದ. ಆ ರಾತ್ರಿ ತೊಳೆಯಿಸಿಕೊಂಡ ಪಾದಗಳಲ್ಲಿ ಯೂದನ ಪಾದಗಳೂ ಇದ್ದವು. ಅವನು ಎದ್ದು ಕತ್ತಲಿಗೆ ಹೋದದ್ದು ಆಮೇಲೆ.

ನಾವು ಗುರುದೀಕ್ಷೆ ಪಡೆದು ಮೂರು ವರ್ಷವಾಗಿತ್ತು. ಸಹಾಯಕ ಗುರುವಾಗಿ ಒಂದು ಧರ್ಮಕೇಂದ್ರದಲ್ಲಿದ್ದೆವು. ಊರಿನ ಹೆಸರು ಬೇಡ. ಅಲ್ಲಿ ಪಾದ ತೊಳೆಯುವ ಹನ್ನೆರಡು ಪೀಠಗಳಿಗೆ ಹನ್ನೆರಡು ಮನೆತನಗಳಿದ್ದವು. ತಂದೆಯ ನಂತರ ಮಗ ಕೂರುತ್ತಿದ್ದ. ಪಟ್ಟಿಯ ಕಾಗದ ಹಳದಿಯಾಗಿ, ಮಡಿಕೆಗಳಲ್ಲಿ ಹರಿದು, ಪೂಜಾವಸ್ತ್ರಗಳ ಕೋಣೆಯ ಸೆಳೆಖಾನೆಯಲ್ಲಿತ್ತು. ಆ ವರ್ಷ ಒಬ್ಬ ಹಿರಿಯರು ಜ್ವರದಿಂದ ಮಲಗಿದರು. ಬೇರೊಬ್ಬರನ್ನು ಕರೆತರುವ ಹೊಣೆ ನಮ್ಮ ಮೇಲೆ ಬಿತ್ತು. ನಾವು ಹೆಚ್ಚು ಯೋಚಿಸದೆ, ಸಮಾಧಿ ಭೂಮಿಯಲ್ಲಿ ಗುಂಡಿ ತೋಡುತ್ತಿದ್ದ ಮುದುಕನನ್ನು ಕರೆದೆವು. ಆ ಊರಿನ ಪ್ರತಿಯೊಂದು ಮನೆಯ ಹೆಣಕ್ಕೂ ಹಾಸಿಗೆ ಹಾಸಿದವನು ಅವನು. ಅವನು ಬಂದು ಕುಳಿತ. ನಾವು ನೀರಿನ ಹೂಜಿ ಹಿಡಿದು ಬಗ್ಗಿದಾಗ ಮೆಲ್ಲಗೆ, "ಬಾವಿ ತಾವ್ಲೇ ಚೆನ್ನಾಗಿ ಉಜ್ಕಂಡು ಬಂದಿವ್ನಿ ಸ್ವಾಮಿ," ಎಂದ. ಅಷ್ಟರಲ್ಲಿ ಪಕ್ಕದ ಪೀಠದವರು ಎದ್ದರು. ಏನೂ ಮಾತನಾಡಲಿಲ್ಲ. ಪಂಚೆ ಸರಿಪಡಿಸಿಕೊಂಡು ಹ

ೋಗಿ ಗೋಡೆಗೆ ಒರಗಿ ನಿಂತರು. ಅವರ ಹಿಂದೆ ಇನ್ನಿಬ್ಬರು. ಗಾನವೃಂದ ಹಾಡುತ್ತಲೇ ಇತ್ತು. ಅಂದು ಒಂಬತ್ತು ಜನರ ಪಾದ ತೊಳೆಯಲಾಯಿತು.

ಇದರಲ್ಲಿ ಎದ್ದು ಹೋದವರ ತಪ್ಪನ್ನು ಹೇಳುವುದು ನಮ್ಮ ಉದ್ದೇಶವಲ್ಲ. ನಮ್ಮ ತಪ್ಪು ಮುಂದೆ ಇದೆ. ಪಾಸ್ಕ ಕಳೆದ ಮೇಲೆ ಆ ಮುದುಕ ನಮ್ಮ ಬಳಿ ಬಂದು, "ಬರೋ ವರ್ಷಕ್ಕೆ ನನ್ನ ಕರೀಬ್ಯಾಡಿ ಸ್ವಾಮಿ. ಅವರಿಗೂ ಕಷ್ಟ, ನಿಮಗೂ ಕಷ್ಟ," ಎಂದ. ನಾವು ಏನು ಹೇಳಬೇಕಾಗಿತ್ತು? ಏನೂ ಹೇಳಲಿಲ್ಲ. ನಮಗೆ ಆ ಕ್ಷಣ ಆದದ್ದು ಸಮಾಧಾನ. ಒಂದು ಜಗಳ ತಪ್ಪಿತೆಂಬ ಸಮಾಧಾನ. ಮರುವರ್ಷ ಹಳದಿ ಕಾಗದದ ಪಟ್ಟಿಯಂತೆಯೇ ಹನ್ನೆರಡು ಜನರು ಕುಳಿತರು, ಅವರ ಪಾದಗಳನ್ನು ತೊಳೆದು ಮುತ್ತಿಟ್ಟೆವು. ಮುದುಕ ಬಾಗಿಲ ಬಳಿ ನಿಂತಿದ್ದ. ಪೇತ್ರನು ತನ್ನ ಪಾದ ಬೇಡವೆಂದಾಗ ಯೇಸುಸ್ವಾಮಿಯವರು ಒಪ್ಪಿಕೊಳ್ಳಲಿಲ್ಲ. ತೊಳೆಯದಿದ್ದರೆ ನನಗೂ ನಿನಗೂ ಸಂಬಂಧವಿಲ್ಲವೆಂಬ ಅರ್ಥದ ಮಾತನ್ನೇ ಆಡಿದರು. ನಾವು ಆ ಮುದುಕನ ಮಾತಿಗೆ ಒಪ್ಪಿಕೊಂಡೆವು. ಈ ಪಾಪವನ್ನು ನಿವೇದಿಸಿದ್ದೇವೆ, ಕ್ಷಮೆಯೂ ದೊರೆತಿದೆ. ಆದರೆ ಅವನನ್ನು ಕ್ಷಮೆ ಕೇಳುವ ಮೊದಲೇ ನಮಗೆ ವರ್ಗಾವಣೆಯಾಯಿತು, ಅವನೂ ತೀರಿಕೊಂಡ. ಅವನ ಗುಂಡಿಯನ್ನು ಯಾರು ತೋಡಿದರೋ ನಾವು ವಿಚಾರಿಸಲಿಲ್ಲ.

ಇದನ್ನು ಇಂದು ಹೇಳುವುದಕ್ಕೆ ಕಾರಣವಿದೆ. ಶತಮಾನೋತ್ಸವದ ನೆನಪಿಗಾಗಿ ಈ ವರ್ಷದ ಹನ್ನೆರಡು ಪೀಠಗಳನ್ನು ದೇವಾಲಯಕ್ಕೆ ಜಾಗ ಕೊಟ್ಟ, ಹಣ ಕೊಟ್ಟ ಹನ್ನೆರಡು ಮನೆತನಗಳ ವಂಶಸ್ಥರಿಗೆ ಮೀಸಲಿಡಬೇಕೆಂದು ಸಮಿತಿಯ ಸದಸ್ಯರು ಸೂಚಿಸಿದ್ದಾರೆ. ಅವರ ಉದ್ದೇಶ ಒಳ್ಳೆಯದೇ, ಆ ಮನೆತನಗಳ ಋಣವೂ ದೊಡ್ಡದೇ. ಅಮೃತಶಿಲೆಯ ಫಲಕದಲ್ಲಿ ಅವರ ಹೆಸರುಗಳು ಇರಲಿ, ಇರಬೇಕು. ಆದರೆ ಕಲ್ಲು ಹೊತ್ತವರ, ಗಾರೆ ಕಲಸಿದವರ, ಬುನಾದಿ ತೋಡಿದವರ ಹೆಸರು ಯಾವ ಫಲಕದಲ್ಲಿಯೂ ಇಲ್ಲ. ಅವರ ಮೊಮ್ಮಕ್ಕಳು ಈ ಹೊತ್ತು ಇಲ್ಲಿಯೇ ಕುಳಿತಿದ್ದಾರೆ. ಪಾದ ತೊಳೆಯಿಸಿಕೊಳ್ಳುವುದು ಸನ್ಮಾನವಲ್ಲ. ಸನ್ಮಾನಕ್ಕೆ ಶಾಲು ಹಾರಗಳಿವೆ, ಹಬ್ಬದ ದಿನ ವೇದಿಕೆಯೂ ಇದೆ.

ಹೆಂಗಸರ ವಿಷಯ. 2016ರ ಜನವರಿ 6ರ ಆಜ್ಞೆಯಿಂದ ಜಗದ್ಗುರು ಫ್ರಾನ್ಸಿಸರು ಈ ವಿಧಿಗೆ ಸ್ತ್ರೀಯರನ್ನೂ ಆರಿಸಲು ಅವಕಾಶ ಕೊಟ್ಟರು. ಅದಕ್ಕೂ ಮುಂಚೆ, ಅಧಿಕಾರ ವಹಿಸಿಕೊಂಡ 2013ರಲ್ಲಿಯೇ, ರೋಮಾಪುರಿಯ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಹುಡುಗರೊಡನೆ ಹುಡುಗಿಯರ ಪಾದಗಳನ್ನೂ ತೊಳೆದಿದ್ದರು. 2025ರ ಪವಿತ್ರ ಗುರುವಾರ ಕಾಯಿಲೆಯಿಂದ ಬಳಲಿದ ದೇಹದಲ್ಲಿಯೇ ಅವರು ರೆಜಿನಾ ಚೆಲಿ ಸೆರೆಮನೆಗೆ ಹೋದರು. ಈ ವರ್ಷ ಬಗ್ಗಿ ತೊಳೆಯಲು ತಮ್ಮಿಂದಾಗದು, ಹತ್ತಿರ ಇರಲಾದರೂ ಬಂದಿದ್ದೇನೆ ಎಂಬ ಭಾವದ ಮಾತುಗಳನ್ನು ಸೆರೆವಾಸಿಗಳಿಗೆ ಹೇಳಿದರು. ನಾಲ್ಕು ದಿನಗಳ ಬಳಿಕ, ಪಾಸ್ಕದ ಮಾರನೆಯ ದಿನ, ಏಪ್ರಿಲ್ 21ರಂದು ಪ್ರಭುವಿನಲ್ಲಿ ನಿದ್ರಿಸಿದರು. ನಮ್ಮ ಹಿರಿಯರಲ್ಲಿ ಕೆಲವರಿಗೆ ಹೆಂಗಸರ ಪಾದ ತೊಳೆಯುವುದು ಇನ್ನೂ ಒಗ್ಗುವುದಿಲ್ಲವೆಂಬುದು ನಮಗೆ ಗೊತ್ತು. ಅವರು ದಯವಿಟ್ಟು ಲೂಕನ ಇಪ್ಪತ್ತನಾಲ್ಕನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಲಿ.

ಯೂದನ ಸ್ಥಾನ ತೆರವಾದಾಗ ಪ್ರೇಷಿತರು ಹನ್ನೆರಡನೆಯವನನ್ನು ಹೇಗೆ ಆರಿಸಿದರು? ವಂಶ ನೋಡಲಿಲ್ಲ, ಕಾಣಿಕೆಯ ಲೆಕ್ಕ ನೋಡಲಿಲ್ಲ. ಪ್ರಾರ್ಥಿಸಿ ಚೀಟು ಹಾಕಿದರು. ಚೀಟು ಮತ್ತೀಯನ ಹೆಸರಿಗೆ ಬಿತ್ತು. ನಾವೂ ಹಾಗೆಯೇ ಮಾಡಲು ನಿಶ್ಚಯಿಸಿದ್ದೇವೆ. ಜ್ಞಾನಸ್ನಾನದ ತೊಟ್ಟಿಯ ಪಕ್ಕದಲ್ಲಿ ನಾಳೆಯಿಂದ ಒಂದು ಮರದ ಪೆಟ್ಟಿಗೆ ಇರುತ್ತದೆ. ಹೊಸ ಪರಮಪ್ರಸಾದ ಸ್ವೀಕರಿಸಿದ ಮಕ್ಕಳಿಂದ ಹಿಡಿದು ಎಲ್ಲರೂ, ಗಂಡಸರೂ ಹೆಂಗಸರೂ, ತಮ್ಮ ಹೆಸರನ್ನು ಚೀಟಿಯಲ್ಲಿ ಬರೆದು ಹಾಕಬಹುದು. ಬರೆಯಲು ಬಾರದವರು ಉಪದೇಶಿಗಳಿಗೆ ಹೇಳಿ ಬರೆಸಿರಿ. ನಡೆಯಲಾರದವರ ಹೆಸರು ಬಂದರೆ ಅವರನ್ನು ಕುರ್ಚಿಯಲ್ಲಿ ಹೊತ್ತು ತರಲು ಯುವಕ ಸಂಘದವರು ಒಪ್ಪಿದ್ದಾರೆ. ಪೆಟ್ಟಿಗೆಯನ್ನು ಪವಿತ್ರ ವಾರದ ಬುಧವಾರ ಸಂಜೆ ಶಿಲುಬೆ ಹಾದಿಯ ಬಳಿಕ ಎಲ್ಲರ ಮುಂದೆ ತೆರೆಯಲಾಗುವುದು. ಹೆಸರು ಬಂದವರು ಗುರುವಾರ ಸಂಜೆ ಪೂಜೆಗೆ ಕಾಲು ಗಂಟೆ ಮೊದಲು ಬಂದರೆ ಸಾಕು. ಕಾಲು ತೊಳೆದುಕೊಂಡು ಬರಬೇಡಿರಿ.